ವಯಸ್ಸಾದ ಮೇಲೆ ವಾಲ್ವ್ ಆಪರೇಷನ್: ಮನೆಗೆ ಬಂದ ಮೇಲಿನ ಮೂರು ತಿಂಗಳು

ಆಸ್ಪತ್ರೆಯಿಂದ ಬಂದ ಎರಡನೇ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಏನೋ ಸದ್ದಾಯಿತು. ಹೋಗಿ ನೋಡಿದರೆ ಅಮ್ಮ ಕುಕ್ಕರನ್ನು ಹೊಟ್ಟೆಗೆ ಆನಿಸಿಕೊಂಡು ಅದರ ಮುಚ್ಚಳ ತಿರುಗಿಸಲು ನೋಡುತ್ತಿದ್ದಳು. ವಯಸ್ಸು 69. ಎದೆ ತೆರೆದು ಹೃದಯದ ವಾಲ್ವ್ (ರಕ್ತ ಒಂದೇ ದಿಕ್ಕಿಗೆ ಹರಿಯುವಂತೆ ನೋಡಿಕೊಳ್ಳುವ ಬಾಗಿಲು) ಬದಲಿಸಿ ಹತ್ತು ದಿನವಾಗಿತ್ತು, ಅಷ್ಟೇ. "ಏನಮ್ಮಾ ಇದು?" ಅಂದೆ. "ಬೇಳೆ ಬೆಂದಿದೆಯೋ ಇಲ್ವೋ ನೋಡ್ತಿದ್ದೆ ಕಣೋ. ಈಗ ನನಗೇನಾಗಿದೆ, ಉಸಿರೇ ಕಟ್ಟಲ್ಲ" ಅಂದಳು.

ಅವಳು ಹೇಳಿದ್ದು ನಿಜ. ತೊಂದರೆ ಇರುವುದೂ ಅಲ್ಲೇ. ಹೊಸ ವಾಲ್ವ್ ಆಪರೇಷನ್ ಟೇಬಲ್ ಮೇಲೆಯೇ ಕೆಲಸ ಶುರು ಮಾಡಿರುತ್ತದೆ. ಎಷ್ಟೋ ವರ್ಷದಿಂದ ಇದ್ದ ಏದುಸಿರು ಮಾಯವಾಗಿರುತ್ತದೆ. ಆದರೆ ವಾಲ್ವ್ ಹಾಕಲು ಕೊಯ್ದ ಎದೆಮೂಳೆ ಇನ್ನೂ ಹಸಿ. ಆರೈಕೆ ಬೇಕಿರುವುದು ಹೆಚ್ಚಾಗಿ ಆ ಮೂಳೆಗೆ, ಅದರ ಜೊತೆ ಮನಸ್ಸಿಗೆ. ಇದೊಂದು ಮನೆಮಂದಿಗೆಲ್ಲ ಅರ್ಥವಾದರೆ ಅರ್ಧ ಕೆಲಸ ಮುಗಿದಂತೆ.

ನಾನು ಡಾಕ್ಟರ್ ಅಲ್ಲ. ಅಮ್ಮನನ್ನು ನೋಡಿಕೊಂಡವನು. ಡಿಸ್ಚಾರ್ಜ್ ಹಾಳೆಯಲ್ಲಿ ನಿಮ್ಮ ಡಾಕ್ಟರ್ ಬೇರೆ ಏನಾದರೂ ಬರೆದಿದ್ದರೆ ಅದೇ ಕೊನೆಯ ಮಾತು.

ಮೊದಲು ಇದನ್ನು ಕೇಳಿ ಬರೆದಿಟ್ಟುಕೊಳ್ಳಿ

ಎರಡು ಪ್ರಶ್ನೆ. ವಾಲ್ವ್ ಹಾಕಿದ್ದು ಯಾವ ದಾರಿಯಿಂದ? ಹಾಕಿದ್ದು ಯಾವ ವಾಲ್ವ್?

ದಾರಿ ಮೂರು ಥರ. ಮೊದಲನೆಯದು ಎದೆಯ ನಡುಮೂಳೆಯನ್ನು ಉದ್ದಕ್ಕೆ ಕೊಯ್ದು ಮಾಡುವ ಆಪರೇಷನ್. ಮುಗಿದ ಮೇಲೆ ಮೂಳೆಯನ್ನು ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ. ಆ ತಂತಿ ಸಾಮಾನ್ಯವಾಗಿ ಒಳಗೇ ಉಳಿಯುತ್ತದೆ, ಗಾಬರಿ ಬೇಡ. ಎರಡನೆಯದು ಪಕ್ಕೆಲುಬಿನ ಸಂದಿಯಿಂದ ಮಾಡುವ ಸಣ್ಣ ಗಾಯದ ಆಪರೇಷನ್. ಮೂರನೆಯದು ಟಾವಿ. ತೊಡೆಸಂದಿಯ ರಕ್ತನಾಳದೊಳಗೆ ನಳಿಕೆ ತೂರಿಸಿ ಅಯೋರ್ಟಿಕ್ ವಾಲ್ವನ್ನು (ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ಬಾಗಿಲು) ಕೂರಿಸುವುದು. ಫ್ರಾನ್ಸ್‌ನ ಅಲೈನ್ ಕ್ರಿಬಿಯೇ 2002ರಲ್ಲಿ ಇದನ್ನು ಮೊದಲ ಬಾರಿಗೆ ಮನುಷ್ಯರ ಮೇಲೆ ಮಾಡಿದರು. ಟಾವಿ ಆದವರು ಕೆಲವೇ ದಿನದಲ್ಲಿ ಮನೆಗೆ ಬರುತ್ತಾರೆ. ಅವರಿಗೆ ಕೆಳಗೆ ಬರುವ ಮೂಳೆಯ ಪಾಠ ಬೇಕಿಲ್ಲ. ತೊಡೆಸಂದಿ ಊದಿಕೊಂಡಿದೆಯಾ, ರಕ್ತ ಬರುತ್ತಿದೆಯಾ ನೋಡಿಕೊಂಡು, ಒಂದು ವಾರ ಭಾರ ಎತ್ತದಿದ್ದರೆ ಸಾಕು. ಉಳಿದ ಮಾತುಗಳು ಅವರಿಗೂ ಅನ್ವಯಿಸುತ್ತವೆ.

ಇನ್ನು ವಾಲ್ವ್. ಮೆಟಲ್ ವಾಲ್ವ್ ಆದರೆ ಬಹಳ ವರ್ಷ ಬಾಳಿಕೆ ಬರುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ತಗೋಬೇಕು. ಟಿಶ್ಯೂ ವಾಲ್ವ್ ಸುಮಾರು 10ರಿಂದ 15 ವರ್ಷ ಬರುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ. ಆ ಮಾತ್ರೆ ಹೆಚ್ಚಿನವರಿಗೆ ಕೆಲವು ತಿಂಗಳು ಮಾತ್ರ. 65 ದಾಟಿದವರಿಗೆ ಸಾಮಾನ್ಯವಾಗಿ ಟಿಶ್ಯೂ ಹಾಕುವುದು ಇದಕ್ಕೇ. ಇದನ್ನು ಹಸುವಿನ ಹೃದಯದ ಹೊರಪೊರೆಯಿಂದಲೋ ಹಂದಿಯ ವಾಲ್ವಿನಿಂದಲೋ ಮಾಡಿರುತ್ತಾರೆ. ಕೆಲವು ಮನೆಗಳಲ್ಲಿ ಇದು ದೊಡ್ಡ ವಿಷಯವಾಗುತ್ತದೆ. ಆಪರೇಷನ್ ಆದಮೇಲೆ ಯಾರೋ ನೆಂಟರ ಬಾಯಿಂದ ಗೊತ್ತಾಗುವ ಬದಲು ಮೊದಲೇ ಹಿರಿಯರಿಗೆ ಹೇಳಿಬಿಡಿ. ನಮ್ಮಮ್ಮ ಒಂದು ಸಂಜೆ ಸುಮ್ಮನೆ ಕೂತಿದ್ದಳು, ಆಮೇಲೆ "ಇಷ್ಟು ವರ್ಷ ಹಾಲು ಕುಡಿದಿಲ್ವಾ" ಅಂದಳು. ಮಾತು ಅಲ್ಲಿಗೆ ಮುಗಿಯಿತು.

ವಾಲ್ವಿನ ಕಂಪನಿ, ಸೈಜು, ನಂಬರ್ ಇರುವ ಕಾರ್ಡ್ ಕೊಡುತ್ತಾರೆ. ಅದರ ಫೋಟೋ ಮನೆಯ ಎಲ್ಲರ ಫೋನಿನಲ್ಲಿರಲಿ. ಎಂಆರ್‌ಐ ಮಾಡುವಾಗ, ಹಲ್ಲಿನ ಡಾಕ್ಟರ್ ಹತ್ತಿರ ಹೋದಾಗ ಬೇಕಾಗುತ್ತದೆ.

ಆಸ್ಪತ್ರೆಯಲ್ಲಿ ಇರುವಾಗ

ಒಂದೆರಡು ದಿನ ಐಸಿಯು, ಆಮೇಲೆ ವಾರ್ಡು, ಒಟ್ಟು ಒಂದು ವಾರದ ಆಸುಪಾಸು. ಇಲ್ಲಿ ನಿಮ್ಮ ಕೈಲಿರುವ ಕೆಲಸ ಎರಡೇ.

ಮೂರು ಚೆಂಡಿನ ಪ್ಲಾಸ್ಟಿಕ್ ಸಾಧನ ಕೊಡುತ್ತಾರೆ. ಊದುವುದಲ್ಲ, ಉಸಿರು ಎಳೆದುಕೊಳ್ಳುವುದು. ಎಚ್ಚರವಿದ್ದಾಗ ಗಂಟೆಗೆ ಹತ್ತು ಸಲ. ಇದನ್ನು ಬಿಟ್ಟರೆ ಕಫ ಕಟ್ಟಿ ನ್ಯುಮೋನಿಯಾ ಆಗುವ ಭಯ. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ಆ ದಿಂಬು ಮುಂದಿನ ಎರಡು ತಿಂಗಳ ಸಂಗಾತಿ.

ಎರಡನೆಯದು, ಹಿರಿಯರ ಗಲಿಬಿಲಿ. ಐಸಿಯುನಲ್ಲಿ ಅಮ್ಮ ನನ್ನನ್ನು ನೋಡಿ, "ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ, ಅಕ್ಕಿ ಡಬ್ಬ ಮುಚ್ಚು" ಅಂದಳು. ಬುದ್ಧಿಗೆ ಏನಾಯಿತೋ ಅಂತ ಕೈಕಾಲು ತಣ್ಣಗಾಯಿತು. ದೊಡ್ಡ ಆಪರೇಷನ್ ಆದ ವಯಸ್ಸಾದವರಲ್ಲಿ ಇದು ಅಪರೂಪವೇನಲ್ಲ. ಹೆಚ್ಚಿನವರಿಗೆ ಕೆಲವು ದಿನದಲ್ಲಿ ಸರಿಹೋಗುತ್ತದೆ. ಕನ್ನಡಕ, ಕಿವಿಯ ಮಷೀನು ಬೇಗ ಹಾಕಿಸಿ. ಇವತ್ತು ಯಾವ ವಾರ, ಎಲ್ಲಿದ್ದೀವಿ ಅಂತ ನಿಧಾನವಾಗಿ ಹೇಳುತ್ತಿರಿ. ವಾದ ಮಾಡಬೇಡಿ. ನರ್ಸ್‌ಗೆ ಮಾತ್ರ ತಪ್ಪದೆ ತಿಳಿಸಿ.

ಎರಡನೇ ಮೂರನೇ ದಿನ ಎದೆಬಡಿತ ತಾಳತಪ್ಪುವುದೂ ಉಂಟು. ವಾಲ್ವ್ ಆಪರೇಷನ್ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಅದಕ್ಕೆ ಮಾತ್ರೆ ಇದೆ.

ಅವರು ಬರುವ ಮುಂಚೆ ಮನೆ ತಯಾರಿರಲಿ

ನಮ್ಮ ಮನೆಗಳಲ್ಲಿ ನೆಲದಿಂದ ಏಳಲು, ಇಂಡಿಯನ್ ಟಾಯ್ಲೆಟ್‌ನಿಂದ ಏಳಲು, ಎಲ್ಲಕ್ಕೂ ಕೈ ಊರುವುದೇ ಅಭ್ಯಾಸ. ಅದೇ ಈಗ ಆಗಬಾರದ್ದು. ಹಾಗಾಗಿ ಮನೆಯನ್ನೇ ಸ್ವಲ್ಪ ಮೇಲಕ್ಕೆತ್ತಬೇಕು.

ಮಂಚ ಮಂಡಿಯಷ್ಟು ಎತ್ತರವಿರಲಿ. ನೆಲದ ಹಾಸಿಗೆ ಬೇಡ. ಕಮೋಡ್ ಇಲ್ಲದಿದ್ದರೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಕಮೋಡ್ ಕುರ್ಚಿ ತನ್ನಿ. ಬಚ್ಚಲಿಗೆ ಜಾರದ ಸ್ಟೂಲು, ಬಕೆಟ್ಟು ಇನ್ನೊಂದು ಸ್ಟೂಲಿನ ಮೇಲೆ, ಚೆಂಬಿನ ಬದಲು ಸಣ್ಣ ಪ್ಲಾಸ್ಟಿಕ್ ಮಗ್ಗು. ಕುಳಿತರೆ ಹೂತುಹೋಗುವಂಥ ಸೋಫಾಗೆ ಮೂರು ತಿಂಗಳು ರಜೆ. ದಿನಬಳಕೆಯ ಸಾಮಾನು ಸೊಂಟದಿಂದ ಭುಜದ ನಡುವೆ ಬರುವಂತೆ ಜೋಡಿಸಿ. ಹೆಂಗಸರಿಗೆ ಮುಂದೆ ಹುಕ್ಕಿರುವ ಸಡಿಲ ರವಿಕೆ ಅಥವಾ ನೈಟಿ, ಗಂಡಸರಿಗೆ ಮುಂದೆ ಗುಂಡಿಯ ಅಂಗಿ. ಬನಿಯನ್ ತಲೆಯಿಂದ ಎಳೆಯುವುದು ಸದ್ಯಕ್ಕೆ ಬೇಡ.

ಇನ್ನೊಂದು. ನೋಡಲು ಬರುವವರು. ಮೊದಲ ಎರಡು ವಾರ ಬರಬೇಡಿ ಅನ್ನಲು ನಮಗೆ ನಾಲಿಗೆ ಏಳುವುದಿಲ್ಲ, ಅಲ್ವಾ? ಆದರೂ ಹೇಳಿ. ನೆಗಡಿ ಇರುವವರನ್ನಂತೂ ಬಾಗಿಲಲ್ಲೇ ಕಳಿಸಿ.

ಎದೆಮೂಳೆಯ ಪಾಠ

ಮೂಳೆ ಕೂಡಲು ಆರರಿಂದ ಎಂಟು ವಾರ. ಪೂರ್ತಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು. ಸಕ್ಕರೆ ಕಾಯಿಲೆ ಇದ್ದರೆ, ಮೂಳೆ ಸವೆದಿದ್ದರೆ ಇನ್ನೂ ನಿಧಾನವಾಗಬಹುದು.

ಮೊದಲು ಮಂಚದಿಂದ ಏಳುವುದನ್ನು ಕಲಿಸಿ. ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಇದು, ತಪ್ಪುವುದೂ ಇಲ್ಲೇ ಜಾಸ್ತಿ.

1. ಅಂಗಾತ ಮಲಗಿರುವಾಗ ಎರಡೂ ಮಂಡಿ ಮಡಚಿಕೊಳ್ಳಬೇಕು. ದಿಂಬು ಎದೆಗೆ.
2. ಭುಜ, ಸೊಂಟ, ಮಂಡಿ ಒಟ್ಟಿಗೆ, ಮರದ ದಿಮ್ಮಿ ಹೊರಳುವ ಹಾಗೆ ಪಕ್ಕಕ್ಕೆ ಹೊರಳಬೇಕು.
3. ಕಾಲನ್ನು ಮಂಚದಿಂದ ಕೆಳಕ್ಕೆ ಇಳಿಬಿಡಬೇಕು. ಕಾಲಿನ ಭಾರಕ್ಕೆ ಮೈ ತಾನೇ ಮೇಲೇಳುತ್ತದೆ. ಮೊಣಕೈ ಮೈಗೆ ಅಂಟಿಕೊಂಡೇ ಇರಲಿ, ಅದರ ಮೇಲೆ ಜೋರಾಗಿ ಭಾರ ಬೇಡ.
4. ಕೂತು ಒಂದು ನಿಮಿಷ ಹಾಗೇ ಇರಬೇಕು. ಹೊಸ ಮಾತ್ರೆಗಳಿಂದ ತಲೆ ಸುತ್ತಬಹುದು.
5. ಅಂಚಿಗೆ ಸರಿದು, ಪಾದ ಹಿಂದಕ್ಕೆ ತಂದು, ಮುಂದಕ್ಕೆ ಬಾಗಿ, ತೊಡೆಯ ಬಲದಿಂದ ಏಳಬೇಕು. ಕೈ ಎದೆಯ ಮೇಲೆ ಕಟ್ಟಿರಲಿ.

ಸಹಾಯಕ್ಕೆ ನಿಂತವರ ತಪ್ಪೂ ಒಂದಿದೆ. ಪ್ರೀತಿಯಿಂದಲೇ ಎರಡೂ ಕೈ ಹಿಡಿದು "ಬಾ" ಅಂತ ಎಳೆಯುತ್ತಾರೆ. ಇಲ್ಲವೇ ಕಂಕುಳಿಗೆ ಕೈ ಹಾಕಿ ಎತ್ತುತ್ತಾರೆ. ಎರಡೂ ನೇರ ಮೂಳೆಗೆ ಬೀಳುತ್ತದೆ. ಬೆನ್ನ ಹಿಂದೆ, ಸೊಂಟದ ಹತ್ತಿರ ಆಸರೆ ಕೊಡಿ.

ಭಾರದ ಲೆಕ್ಕ: ಮೊದಲ ಆರೆಂಟು ವಾರ 2–3 ಕಿಲೋಗಿಂತ ಜಾಸ್ತಿ ಬೇಡ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಕಾಲು ಬಕೆಟ್ ನೀರೇ ಅಷ್ಟು ತೂಗುತ್ತದೆ. ಅನ್ನ ತುಂಬಿದ ಕುಕ್ಕರ್, ಬಿಂದಿಗೆ, ಮೊಮ್ಮಗು, ಎಲ್ಲಾ ಅದಕ್ಕಿಂತ ಜಾಸ್ತಿ. ಮೊಮ್ಮಗುವನ್ನು ಎತ್ತಬೇಡಿ ಅನ್ನುವುದು ಕಷ್ಟ. ಅವರು ಕೂತಿರುವಾಗ ನೀವೇ ಮಗುವನ್ನು ಪಕ್ಕದಲ್ಲಿ ಕೂರಿಸಿ.

ತೂಕಕ್ಕಿಂತ ಮೋಸ ಮಾಡುವುದು ಎಳೆಯುವ, ತಳ್ಳುವ, ಹಿಂಡುವ ಕೆಲಸಗಳು. ಕಬ್ಬಿಣದ ಗೇಟು, ಬಾವಿಯ ಹಗ್ಗ, ಅಂಗಡಿಯ ಶಟರ್, ಚಪಾತಿ ಹಿಟ್ಟು ನಾದುವುದು, ತೆಂಗಿನಕಾಯಿ ಒಡೆದು ತುರಿಯುವುದು, ಒದ್ದೆ ಬಟ್ಟೆ ಹಿಂಡುವುದು, ನೆಲ ಒರೆಸುವುದು, ಬಿಗಿಯಾದ ಉಪ್ಪಿನಕಾಯಿ ಜಾಡಿ. ದೇವಸ್ಥಾನದಲ್ಲಿ ಅಡ್ಡ ಬೀಳುವುದೂ ಬೇಡ, ಕೈ ಮುಗಿದರೆ ಸಾಕು. ಹಾಗಂತ ಕೈಗಳನ್ನು ಕಟ್ಟಿಹಾಕಿಕೊಂಡು ಕೂರಬಾರದು, ಭುಜ ಬಿಗಿದುಹೋಗುತ್ತದೆ. ತಲೆ ಬಾಚುವುದು, ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಎಲ್ಲಾ ಮಾಡಲಿ. ಮೊಣಕೈ ಮೈಗೆ ಹತ್ತಿರವಿದ್ದು, ಎರಡೂ ಕೈ ಒಟ್ಟಿಗೆ ಆಡಿದರೆ ಮೂಳೆಗೆ ತೊಂದರೆಯಿಲ್ಲ.

ಎದೆಯಲ್ಲಿ ಮೂಳೆ "ಕಟಕ್" ಅಂದರೆ ಅಥವಾ ಉಜ್ಜಿದಂತಾದರೆ ಅವತ್ತೇ ಡಾಕ್ಟರ್‌ಗೆ ಹೇಳಿ. ಮೆಟಲ್ ವಾಲ್ವಿನ ಟಿಕ್ ಟಿಕ್ ಬೇರೆ, ಅದು ಗಡಿಯಾರದಂತೆ ಸಮನಾಗಿ ಕೇಳುತ್ತದೆ.

ಕಾರಿನಲ್ಲಿ ಹಿಂದಿನ ಸೀಟು, ಬೆಲ್ಟು ಮತ್ತು ಎದೆಯ ನಡುವೆ ದಿಂಬು. ಕಾರು ಓಡಿಸುವುದು ಆರು ವಾರದ ಮೇಲೆ, ಡಾಕ್ಟರ್ ಹೂಂ ಅಂದರೆ. ಸ್ಕೂಟರ್ ಮೂರು ತಿಂಗಳು ಬೇಡ. ನಮ್ಮ ರಸ್ತೆಯ ಹಂಪ್‌ಗಳನ್ನು ನೆನೆಸಿಕೊಂಡರೆ ಹಿಂದೆ ಕೂರುವುದೂ ಬೇಡ. ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವುದಂತೂ ಬೇಡವೇ ಬೇಡ.

ನಡಿಗೆ

ಮಲಗೇ ಇದ್ದರೆ ವಯಸ್ಸಾದವರ ಕಾಲಿನ ಶಕ್ತಿ ನೋಡನೋಡುತ್ತ ಇಳಿಯುತ್ತದೆ. ಮನೆಗೆ ಬಂದ ದಿನದಿಂದಲೇ ನಡಿಗೆ ಶುರುವಾಗಲಿ. ಮೊದಲ ವಾರ ಜಗುಲಿಯಲ್ಲೋ ಹಜಾರದಲ್ಲೋ ಐದು ನಿಮಿಷ, ದಿನಕ್ಕೆ ಮೂರು ಸಲ. ದಿನಕ್ಕೊಂದು ನಿಮಿಷ ಏರಿಸುತ್ತಾ ಹೋದರೆ ಆರನೇ ವಾರಕ್ಕೆ ಅರ್ಧ ಗಂಟೆ ತಲುಪಬಹುದು.

ವೇಗ ಎಷ್ಟಿರಬೇಕು? ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಊಟವಾದ ಒಂದು ಗಂಟೆ ನಡೆಯುವುದು ಬೇಡ. ಮೆಟ್ಟಿಲು ಹತ್ತಬಹುದು, ನಿಧಾನವಾಗಿ. ಕಟಾಂಜನ ಆಸರೆಗಷ್ಟೇ, ಅದನ್ನು ಹಿಡಿದು ಮೈಯನ್ನು ಎಳೆಯಬಾರದು. ಒಂದು ದಿನ ಚೆನ್ನಾಗಿ ನಡೆದು ಮರುದಿನ ಸುಸ್ತಾಗಿ ಬಿದ್ದರೆ ಹಿಂದಿನ ದಿನ ಜಾಸ್ತಿಯಾಯಿತು ಅಂತ ಅರ್ಥ. ಎರಡು ಮಹಡಿ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತಿದರೆ ಗಂಡಹೆಂಡಿರ ಸಂಬಂಧಕ್ಕೂ ಹೃದಯ ತಯಾರು ಅಂತ ಡಾಕ್ಟರ್‌ಗಳು ಹೇಳುತ್ತಾರೆ. ಮೂಳೆಯ ಲೆಕ್ಕ ಆಗಲೂ ಮರೆಯಬಾರದು. ಈ ವಯಸ್ಸಿನಲ್ಲಿ ಇದನ್ನೆಲ್ಲಾ ಕೇಳುವುದು ಹೇಗೆ ಅಂತ ಸಂಕೋಚ ಪಡುವವರಿದ್ದಾರೆ, ಅವರಿಗಾಗಿ ಬರೆದೆ.

ಗಾಯ, ನಿದ್ದೆ, ಊಟ

ಗಾಯವನ್ನು ಸೋಪು ನೀರಿನಿಂದ ಮೃದುವಾಗಿ ತೊಳೆದು, ಉಜ್ಜದೆ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒಣಗಿಸಿದರೆ ಸಾಕು. ಅರಿಶಿನ, ಎಣ್ಣೆ, ವಿಭೂತಿ ಏನೂ ಬೇಡ. ಬೈಪಾಸ್ ಕೂಡ ಜೊತೆಗೆ ಆಗಿದ್ದರೆ ಅದಕ್ಕಾಗಿ ರಕ್ತನಾಳ ತೆಗೆದ ಕಾಲಲ್ಲೂ ಗಾಯವಿರುತ್ತದೆ. ಕೂತಾಗ ಆ ಕಾಲು ಸ್ಟೂಲಿನ ಮೇಲಿರಲಿ.

ನಿದ್ದೆ ಮೊದಲ ಕೆಲವು ವಾರ ಕೆಟ್ಟಿರುತ್ತದೆ. ಬೆನ್ನಿಗೆ ದಿಂಬು ಜೋಡಿಸಿ ಅರ್ಧ ಒರಗಿ ಮಲಗುವುದು ಹಿತ.

ಹಸಿವೂ ಇರುವುದಿಲ್ಲ, ಬಾಯಿ ಕಹಿ. ರಾಗಿ ಗಂಜಿ, ಇಡ್ಲಿ, ಕಟ್ಟಿನ ಸಾರು, ಮೊಸರನ್ನ, ತಿನ್ನುವವರಿಗೆ ಮೊಟ್ಟೆ. ಸ್ವಲ್ಪಸ್ವಲ್ಪವೇ ಐದಾರು ಸಲ ಕೊಡಿ. ಬೇಳೆ ಕಾಳು ಜಾಸ್ತಿಯಿರಲಿ, ಮೂಳೆ ಗಾಯ ಮಾಯಲು ಅದು ಬೇಕು. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ. ಬಾಯಿ ಕಹಿ ಅಂತ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕೇಳುತ್ತಾರೆ. ನಿಂಬೆಹಣ್ಣು ಹಿಂಡಿಕೊಡಿ. ಮಲಬದ್ಧತೆಯಾಗಲು ಬಿಡಬೇಡಿ. ತಿಣುಕುವುದು ಎದೆಗೂ ಒಳ್ಳೆಯದಲ್ಲ, ಹೃದಯಕ್ಕೂ ಅಲ್ಲ.

ದಿನಾ ಬೆಳಿಗ್ಗೆ ಟಾಯ್ಲೆಟ್‌ಗೆ ಹೋಗಿ ಬಂದು, ಕಾಫಿಗೆ ಮುಂಚೆ ತೂಕ ನೋಡಿ ಬರೆದಿಡಿ. ಒಂದು ದಿನದಲ್ಲಿ ಒಂದು ಕಿಲೋಗಿಂತ ಜಾಸ್ತಿ, ಅಥವಾ ವಾರದಲ್ಲಿ ಎರಡು ಕಿಲೋಗಿಂತ ಜಾಸ್ತಿ ಏರಿದರೆ ಅದು ಮೈ ಬಂದಿದ್ದಲ್ಲ, ಮೈಯಲ್ಲಿ ನೀರು ನಿಂತಿದ್ದು. ಫೋನ್ ಮಾಡಿ.

ರಕ್ತ ತೆಳುವಾಗಿಸುವ ಮಾತ್ರೆ

ನಮ್ಮ ಸೋದರಮಾವನಿಗೆ ಬಹಳ ವರ್ಷದಿಂದ ಮೆಟಲ್ ವಾಲ್ವ್ ಇದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡ ಚಿತ್ರಾ ವಾಲ್ವ್ ಅದು. 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಹಾಕಿದ ನಮ್ಮದೇ ದೇಶದ ವಾಲ್ವ್. ರಾತ್ರಿ ಮನೆ ನಿಶ್ಶಬ್ದವಾದಾಗ ಅವರ ಪಕ್ಕ ಕೂತರೆ ಟಿಕ್ ಟಿಕ್ ಕೇಳುತ್ತದೆ. ಅವರ ಹತ್ತಿರ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಎಡಗಡೆ ತಾರೀಖು, ನಡುವೆ ಐಎನ್‌ಆರ್, ಬಲಗಡೆ ಮಾತ್ರೆ ಎಷ್ಟು. ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಪರೀಕ್ಷೆಯ ಅಂಕಿ. ಈ ವಿಷಯದಲ್ಲಿ ಅವರೇ ನನ್ನ ಗುರು.

ಮಾತ್ರೆಯ ಹೆಸರು ವಾರ್ಫರಿನ್, ಇಲ್ಲವೇ ಅದೇ ಜಾತಿಯ ಅಸಿಟ್ರೋಮ್. ಕೆಟ್ಟುಹೋದ ಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯುತ್ತಿದ್ದುದರ ಕಾರಣ ಹುಡುಕಲು ಹೋಗಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಿಕ್ಕ ಮದ್ದು ವಾರ್ಫರಿನ್. ಔಷಧಿಯಾಗುವ ಮೊದಲು ಇಲಿ ಪಾಷಾಣವಾಗಿತ್ತು. ಹೆದರಿಸಲು ಹೇಳುತ್ತಿಲ್ಲ. ಅಳತೆ ತಪ್ಪಬಾರದು ಅನ್ನುವುದು ಇದರಿಂದ ನೆನಪುಳಿಯುತ್ತದೆ.

ಮಾತ್ರೆ ತಗೊಳ್ಳದವರಿಗೆ ಐಎನ್‌ಆರ್ ಸುಮಾರು 1. ಅಯೋರ್ಟಿಕ್ ಜಾಗದ ಮೆಟಲ್ ವಾಲ್ವಿಗೆ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್‌ಗೆ 2.5ರಿಂದ 3.5 ಇಡುತ್ತಾರೆ (ಮೈಟ್ರಲ್ ಅಂದರೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ವಾಲ್ವ್). ನಿಮ್ಮ ಅಂಕಿ ಎಷ್ಟು ಅಂತ ಡಾಕ್ಟರ್ ಕೈಲೇ ಬರೆಸಿಕೊಳ್ಳಿ. ಕಡಿಮೆಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ದಿನಾ ಸಂಜೆ ಒಂದೇ ಹೊತ್ತಿಗೆ ಮಾತ್ರೆ, ಆದಷ್ಟೂ ಒಂದೇ ಲ್ಯಾಬಿನಲ್ಲಿ ಪರೀಕ್ಷೆ. ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗಬಾರದು. ಡಾಕ್ಟರ್ ಹೇಳದೆ ನಿಲ್ಲಿಸಲೂಬಾರದು. ಪರೀಕ್ಷೆ ಬೇಡದ ಹೊಸ ಮಾತ್ರೆಗಳಿವೆ ಅಂತ ಯಾರಾದರೂ ಹೇಳಿದರೆ, ಮೆಟಲ್ ವಾಲ್ವಿಗೆ ಅವು ಆಗುವುದಿಲ್ಲ.

ಸೊಪ್ಪಿನ ವಿಷಯ. "ಸೊಪ್ಪು ಮುಟ್ಟಬೇಡಿ" ಅಂತ ಹೇಳಿ ಕಳಿಸುವವರೂ ಇದ್ದಾರೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಕೆಲಸ ಕುಗ್ಗಿಸುತ್ತದೆ ಅನ್ನುವುದು ಸರಿ. ಆದರೆ ಬೇಕಿರುವುದು ಸಮತೂಕ, ಉಪವಾಸವಲ್ಲ. ಮಾವ ವಾರಕ್ಕೆ ಮೂರು ದಿನ ಬಸ್ಸಾರು ಉಣ್ಣುತ್ತಾರೆ. ಎಲ್ಲಾ ವಾರವೂ ಮೂರೇ ದಿನ. ಆ ಊಟಕ್ಕೆ ಹೊಂದುವಂತೆ ಮಾತ್ರೆ ಕೂತಿದೆ. ಒಂದು ವಾರ ಸೊಪ್ಪೇ ಇಲ್ಲ, ಇನ್ನೊಂದು ವಾರ ಊರಿಗೆ ಹೋಗಿ ದಿನಾ ನುಗ್ಗೆಸೊಪ್ಪು, ಪಾಲಕ್ ಅಂದರೆ ಐಎನ್‌ಆರ್ ಕುಣಿಯುತ್ತದೆ.

ಒಮ್ಮೆ ಮಂಡಿನೋವು ಅಂತ ಮಾವ ಬೀದಿಯ ಮೆಡಿಕಲ್ ಶಾಪ್‌ನಲ್ಲಿ ಕೇಳಿದರು. ಅವನು ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ಕೊಟ್ಟ. ನಾಲ್ಕನೇ ದಿನ ಮಲ ಡಾಂಬರಿನ ಹಾಗೆ ಕಪ್ಪಾಯಿತು, ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಐದನೇ ದಿನ ಆಸ್ಪತ್ರೆ. ಅವನೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ನೋವಿಗೆ ಪ್ಯಾರಸಿಟಮಾಲ್, ಅದೂ ಡಾಕ್ಟರ್ ಹೇಳಿದಷ್ಟು. ಆಂಟಿಬಯೋಟಿಕ್, ಆಯುರ್ವೇದದ ಪುಡಿ, ಕಷಾಯದ ಡಬ್ಬ, ಯಾವುದೇ ಹೊಸದು ಬಾಯಿಗೆ ಹೋಗುವ ಮೊದಲು ಒಂದು ಫೋನ್.

ಮನಸ್ಸು

ಮೂರನೇ ವಾರ ಒಂದು ಮಧ್ಯಾಹ್ನ ಅಮ್ಮ ತಟ್ಟೆ ಮುಂದೆ ಇಟ್ಟುಕೊಂಡು ಅತ್ತಳು. ಸಾರಿಗೆ ಉಪ್ಪಿಲ್ಲ ಅಂತಲ್ಲ. "ಎಲ್ಲರಿಗೂ ಭಾರವಾದೆ" ಅಂತ. ಆಪರೇಷನ್ ಚೆನ್ನಾಗಿ ಆಗಿದೆ, ಉಸಿರು ಸರಾಗವಾಗಿದೆ, ಆದರೂ ಮಂಕು. ಹೃದಯದ ಆಪರೇಷನ್ ಆದ ಬಹಳ ಜನಕ್ಕೆ ಹೀಗಾಗುತ್ತದೆ. ಸಿಡುಕು, ಮರೆವು, ಪೇಪರ್ ಓದಿದರೆ ತಲೆಗೆ ಹತ್ತದಿರುವುದು, ಎಲ್ಲಾ ಇದರ ಜೊತೆಯವೇ.

"ಧೈರ್ಯವಾಗಿರು" ಅಂದರೆ ಏನೂ ಆಗುವುದಿಲ್ಲ. ಮಾಡಬಲ್ಲ ಕೆಲಸ ಕೊಡಿ. ನಾವು ಅಮ್ಮನಿಗೆ ಬೆಳ್ಳುಳ್ಳಿ ಬಿಡಿಸಲು, ಹಾಲಿನ ಲೆಕ್ಕ ಬರೆಯಲು ಕೊಟ್ಟೆವು. ಎರಡು ವಾರ ದಾಟಿದರೂ ಮಂಕು ಬಿಡದಿದ್ದರೆ, ಊಟ ನಿದ್ದೆ ಪೂರ್ತಿ ಕೆಟ್ಟರೆ, ಡಾಕ್ಟರ್‌ಗೆ ಹೇಳಿ. ಇದಕ್ಕೂ ಔಷಧಿಯಿದೆ.

ಹಲ್ಲು ಮತ್ತು ಜ್ವರ

ಹಲ್ಲಿಗೂ ಹೃದಯಕ್ಕೂ ಏನು ಸಂಬಂಧ? ಒಸಡಿನ ಗಾಯದಿಂದ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಹೊಸ ವಾಲ್ವಿನ ಮೇಲೆ ಕೂತು ಬೆಳೆಯಬಹುದು. ಈ ಸೋಂಕು ಪ್ರಾಣಕ್ಕೇ ಕುತ್ತು. ಅದಕ್ಕೇ ದಿನಕ್ಕೆರಡು ಸಲ ಮೃದು ಬ್ರಷ್, ವರ್ಷಕ್ಕೊಮ್ಮೆಯಾದರೂ ಹಲ್ಲಿನ ಡಾಕ್ಟರ್. ಹಲ್ಲು ಕೀಳಿಸುವ, ಒಸಡು ಕ್ಲೀನ್ ಮಾಡಿಸುವ ಮೊದಲು ಒಂದು ಡೋಸ್ ಆಂಟಿಬಯೋಟಿಕ್ ಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 2 ಗ್ರಾಂ, ಅರ್ಧದಿಂದ ಒಂದು ಗಂಟೆ ಮುಂಚೆ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಬೇರೆ ಕೊಡುತ್ತಾರೆ. ಈ ನಿಯಮ ಮೂರು ತಿಂಗಳಿಗಲ್ಲ, ವಾಲ್ವ್ ಇರುವವರೆಗೂ.

ಜ್ವರ 100.4 ಫ್ಯಾರನ್‌ಹೀಟ್ ದಾಟಿದರೆ ವೈರಲ್ ಇರಬೇಕು ಅಂತ ಮನೆಯಲ್ಲೇ ಆಂಟಿಬಯೋಟಿಕ್ ಶುರು ಮಾಡಬೇಡಿ. ಮೊದಲು ರಕ್ತದ ಕಲ್ಚರ್ ಪರೀಕ್ಷೆ ಆಗಬೇಕು. ಮಾತ್ರೆ ನುಂಗಿಬಿಟ್ಟರೆ ವಾಲ್ವಿನಲ್ಲಿ ಕೂತ ಕ್ರಿಮಿ ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು.

ಕಾಯದೆ ಹೊರಡಬೇಕಾದದ್ದು ಯಾವಾಗ

108ಕ್ಕೆ ಫೋನ್ ಮಾಡಿ, ಅಥವಾ ಸಿಕ್ಕ ಗಾಡಿ ಹತ್ತಿ:

- ಬಾಯಿ ಸೊಟ್ಟಗಾದರೆ, ಒಂದು ಕೈಯೋ ಕಾಲೋ ಸೋತರೆ, ಮಾತು ತೊದಲಿದರೆ
- ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಮಲಗಲು ಆಗದಿದ್ದರೆ
- ಮೆಟಲ್ ವಾಲ್ವಿನ ಟಿಕ್ ಟಿಕ್ ಮಂದವಾದರೆ ಅಥವಾ ನಿಂತಂತೆ ಕೇಳಿದರೆ
- ತಲೆಗೆ ಪೆಟ್ಟು ಬಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರಿಗೆ ನೋವಿಲ್ಲದಿದ್ದರೂ
- ಕಪ್ಪು ಮಲ, ರಕ್ತವಾಂತಿ, ನಿಲ್ಲದ ಮೂಗಿನ ರಕ್ತ
- ಪ್ರಜ್ಞೆ ತಪ್ಪಿದರೆ

ಗಾಯ ಕೆಂಪಾಗಿ ಕೀವು ಬಂದರೆ, ಕಾಲು ಊದಿದರೆ, ಎದೆ ಬಡಿತ ದಡಬಡಿಸಿದರೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಮನೆಗೆ ಬಂದು ಕೆಲವು ವಾರದ ಮೇಲೆ ಜ್ವರದ ಜೊತೆ ಎದೆನೋವು ಬಂದು, ಉಸಿರೆಳೆದಾಗ ಚುಚ್ಚಿದರೆ ಹೃದಯದ ಸುತ್ತ ನೀರು ತುಂಬಿರಬಹುದು. ಅದನ್ನೂ ಅವತ್ತೇ ತೋರಿಸಿ.

ಮೂರನೇ ತಿಂಗಳ ಚೆಕಪ್

ಆರರಿಂದ ಹನ್ನೆರಡು ವಾರದೊಳಗೆ ಒಂದು ಎಕೋ (ಹೃದಯದ ಸ್ಕ್ಯಾನಿಂಗ್) ಮಾಡುತ್ತಾರೆ. ಹೊಸ ವಾಲ್ವ್ ಸರಿಯಾಗಿ ಕೆಲಸ ಮಾಡುವಾಗ ಹೇಗಿರುತ್ತದೆ ಅನ್ನುವುದಕ್ಕೆ ಇದೇ ಅಳತೆಗೋಲು. ಮುಂದಿನ ಎಲ್ಲಾ ಎಕೋಗಳನ್ನು ಇದರ ಜೊತೆ ಹೋಲಿಸುತ್ತಾರೆ, ರಿಪೋರ್ಟ್ ಕಳೆದುಕೊಳ್ಳಬೇಡಿ. ಹೋಗುವಾಗ ತೂಕದ ಪುಸ್ತಕ, ಐಎನ್‌ಆರ್ ಪುಸ್ತಕ, ತಗೊಳ್ಳುವ ಎಲ್ಲಾ ಮಾತ್ರೆಯ ಹಾಳೆ ಒಂದೇ ಚೀಲದಲ್ಲಿ. ಇನ್ನು ಏನೇನು ಮಾಡಬಹುದು ಅಂತ ಕೆಲಸಗಳ ಹೆಸರು ಹಿಡಿದೇ ಕೇಳಿ. "ಭಾರ ಎತ್ತಬಹುದಾ?" ಅಂದರೆ "ಸ್ವಲ್ಪ" ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ.

ಅಮ್ಮ ಕೇಳಿದ್ದು ಒಂದೇ, "ಕಾಯಿ ತುರೀಬಹುದಾ ಡಾಕ್ಟ್ರೇ?" ಅವರು ಎಕ್ಸ್‌ರೇ ನೋಡಿ, ಎದೆಮೂಳೆ ಒತ್ತಿ ನೋಡಿ, ತುರೀರಿ ಅಂದರು. ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋದಳು. ಅರ್ಧ ಹೋಳು ತುರಿದು, ತುರಿಮಣೆಯನ್ನು ನನ್ನ ಕಡೆ ತಳ್ಳಿದಳು. "ಮಿಕ್ಕಿದ್ದು ನೀನು ತುರಿ, ಕಲ್ತಿದ್ದೀಯಲ್ಲ ಈಗ."